ಒಂದೇ ಕಡೆ ತಿರುಗುವ ಬಳೆ

ಸೆಬು
ಸೋಮವಾರ, 11 ಮಾರ್ಚ್ 2019

ಪ್ರೀತಿಯ ಮಾನೋಯ್ ಡೆನ್ಸಿಯೋಗೆ,

ಅಣ್ಣಾ, ನಿನ್ನ ಕೈಯನ್ನು ನನ್ನ ಹಣೆಗೆ ಒತ್ತಿಕೊಂಡೆನೆಂದು ತಿಳಿದುಕೋ. ಫೆಲಿಸಾ ಅತ್ತಿಗೆಗೂ ನಮಸ್ಕಾರ. ನಾವಿಲ್ಲಿ ಕ್ಷೇಮ. ವಿಲ್ಮಾಳಿಗೆ ಏಳು ತಿಂಗಳು ತುಂಬಿತು. ಮಾವಿನಕಾಯಿಗೆ ಉಪ್ಪುಮೀನಿನ ಗೊಜ್ಜು ಹಚ್ಚಿಕೊಂಡು ತಿನ್ನುವುದು, ನನ್ನನ್ನು ಬಯ್ಯುವುದು, ಇವೆರಡೇ ಅವಳಿಗೀಗ ಕೆಲಸ.

ಪತ್ರ ತಡವಾಯಿತು, ಕ್ಷಮಿಸು. ಅಪ್ಪನನ್ನು ಮಣ್ಣು ಮಾಡಿ ತಿಂಗಳು ಕಳೆಯಿತು. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಎದ್ದುಬಿಟ್ಟೆ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು “ಊಟ ಆಯ್ತಾ ಡೋಂಗ್, ತಮ್ಮಾ?” ಎಂದು ಕೇಳುತ್ತೀಯ, ನಾನು “ಆಯ್ತು” ಎನ್ನುತ್ತೇನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಹದಿಮೂರು ವರ್ಷದಿಂದ ಹಾಗೇ ಮುಗಿಯುತ್ತಿದೆ.

ಹೋದ ವಾರ ಅತ್ತಿಗೆ ವಿಲ್ಮಾಳ ಹತ್ತಿರ ಹೇಳಿದರಂತೆ, ನೀನು ಕೊರಗುತ್ತಿದ್ದೀಯೆಂದು. “ಪಿಡ್ಯೋಗೆ ಅಪ್ಪನ ಮೇಲೆ ಇನ್ನೂ ಸಿಟ್ಟು ಹೋಗಿಲ್ಲ. ಹೆಣದ ಮುಂದೂ ಸಿಟ್ಟು ಬಿಡ್ಲಿಲ್ಲ ನೋಡು. ಅಪ್ಪ ಬೇಕೂಂತ ಮಾಡಿದ್ದಾ? ಕ್ಷಮಿಸ್ಬಿಡು ಅಂತ ಅವನಿಗೆ ಹೇಳು,” ಅಂದೆಯಂತೆ. ಅದನ್ನು ಕೇಳಿದ ಮೇಲೆ ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಮನೆಯೊಳಗೇ ತಿರುಗುತ್ತಿದ್ದೇನೆ.

ಪೆಟ್ಟಿಗೆ ಮುಚ್ಚುವ ಮುಂಚೆ ನೀನು ಅಪ್ಪನ ಕೈಯಿಂದ ಆ ಹಳೇ ಗಡಿಯಾರ ಬಿಚ್ಚಿ ನನ್ನ ಮುಂದೆ ಹಿಡಿದೆ. “ತಗೋ ಡೋಂಗ್, ಇದು ನಿಂಗೇ ಸೇರ್ಬೇಕು. ಆವತ್ತು ನಿನ್ನ ಕೈಲೇ ಇತ್ತಲ್ಲ,” ಅಂದೆ. ನಾನು ಎರಡೂ ಕೈ ಜೇಬಿಗೆ ತುರುಕಿಕೊಂಡೆ. ಊರಿಗೆ ಊರೇ ನೋಡುತ್ತಿತ್ತು. ನೀನು ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಗ್ಗಲಾಗದಿದ್ದರೂ ಬಗ್ಗಿ, ಅದನ್ನು ಮತ್ತೆ ಅಪ್ಪನ ಮುಂಗೈಗೆ ಕಟ್ಟಿದೆ. ಮಣ್ಣಾದ ಮೇಲೆ ನಾನು ಊಟಕ್ಕೂ ನಿಲ್ಲದೆ ದೋಣಿ ಹತ್ತಿದೆ.

ಇನ್ನು ಆಮೇಲೆ ನಡೆದದ್ದು. ಬಂದರಿನಲ್ಲಿ ಇಳಿಯುತ್ತಲೇ ವಿಲ್ಮಾಳ ಫೋನು. “ಸೀದಾ ಮನೆಗೆ ಬರ್ಬೇಡ ಮಾರಾಯ, ಹೊಟ್ಟೇಲಿ ಕೂಸಿದೆ. ಎಲ್ಲಾದ್ರೂ ಕೂತು ಸಾವು ಕೊಡವ್ಕೊಂಡು ಬಾ. ಅಲ್ಲೇ ದಾರಿ ತಪ್ಪಿ ಉಳ್ಕೊಳ್ಲಿ ಅದು.” ನಿನಗೆ ಗೊತ್ತಲ್ಲ, ಸಾವಿನ ಮನೆಯಿಂದ ನೇರ ಮನೆಗೆ ಹೋದರೆ ಸತ್ತವರು ಹಿಂದೆಯೇ ಬರುತ್ತಾರೆಂದು ಅಮ್ಮ ಕೂಡ ನಮ್ಮನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಜನ ಸಾಮಾನ್ಯವಾಗಿ ಕಾಫಿಗೋ ಬ್ರೆಡ್ಡಿಗೋ ನುಗ್ಗುತ್ತಾರೆ. ನನ್ನ ಕಾಲು ಕೊಲೋನ್ ಬೀದಿಗೆ ಎಳೆದುಕೊಂಡು ಹೋಯಿತು. ಬಿಸಿಲಿತ್ತು, ಎದುರಿಗೆ ಸಿಕ್ಕಿದ ಮೊದಲ ನೆರಳು ಮಾನಂಗ್ ಚಾರಿಂಗ್ ಎಂಬ ಮುದುಕಿಯ ಗಡಿಯಾರದ ಗೂಡಂಗಡಿಯದು.

ಆಕೆಗೆ ಎಪ್ಪತ್ತು ದಾಟಿರಬೇಕು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದರಲ್ಲಿ ಗಿರಾಕಿಯನ್ನು ಅಳೆಯುತ್ತಾಳೆ. ನನ್ನ ಕಪ್ಪು ಅಂಗಿ ನೋಡಿದವಳೇ “ಕೊಡವಕ್ಕೆ ಬಂದ್ಯೇನಪ್ಪಾ?” ಅಂದಳು.

“ಹೂಂ ಮಾನಂಗ್.”

“ಬರೀ ಕೂತ್ರೆ ಬೆಂಚು ಸವೆಯುತ್ತೆ. ಏನಾದ್ರೂ ನೋಡು.”

ನೋಡಿದೆ. ಗಾಜಿನ ಕೆಳಗೆ, ಮೂರನೆಯ ಸಾಲಿನಲ್ಲಿ, ಅಪ್ಪನ ಗಡಿಯಾರವಿತ್ತು! ಗಾಜಿಗೆ ಮೂಗು ತಾಗುವಷ್ಟು ಬಗ್ಗಿದೆ. ಅದೇ ಕಪ್ಪು ಮುಖ, ಅದೇ ಉಬ್ಬಿದ ಗಾಜು, ಅಂಕೆಗಳ ಜಾಗದಲ್ಲಿ ಹಳದಿಗಟ್ಟಿದ ಅವೇ ದಪ್ಪ ಚುಕ್ಕಿಗಳು, ಸುತ್ತ ಅದೇ ತಿರುಗುವ ಬಳೆ. ಮಣ್ಣಿನಡಿ ಇಟ್ಟು ಬಂದದ್ದು ನನಗಿಂತ ಮುಂಚೆ ಇಲ್ಲಿಗೆ ಬಂದು ಕೂತಿದೆಯಲ್ಲ ಎನಿಸಿತು.

“ಹಳೇದಾ ಇದು?” ಎಂದು ಕೇಳಿದೆ.

ಮುದುಕಿ ನಕ್ಕಳು. “ಹೊಸಾದು. ಹೋದ ತಿಂಗಳು ಬಂದಿದ್ದು. ಈಗಿನೋರಿಗೆ ಹಳೇದು ಬೇಕು, ಆದ್ರೆ ಕೆಟ್ಟಿರಬಾರ್ದು. ಅದಕ್ಕೇ ಮುದಿತನಾನ ಬಣ್ಣ ಮಾಡಿ ಬಳಿದಿದಾರೆ. ನಾನೋ ಯೌವನ ಬಳ್ಕೊಳ್ಳೋಕೆ ಕಾಸು ಕೊಡ್ತೀನಿ!”

ಬ್ಯಾಟರಿ ಇಲ್ಲ, ಕೀಲಿ ಕೊಡಬೇಕಿಲ್ಲ, ಕೈ ಆಡಿದರೆ ಸಾಕು ಎಂದಳು. ಬಿಚ್ಚಿಟ್ಟರೆ ಎರಡು ದಿನದೊಳಗೆ ನಿಲ್ಲುತ್ತದಂತೆ. ಅಸಲಿ ಹಳೆಯದಾದರೆ ನಮ್ಮಂಥವರು ದೋಣಿ ಮಾರಬೇಕು, ಇದು ಐದು ಸಾವಿರದ ಎಂಟುನೂರು ಪೆಸೊ. ಹತ್ತಿರವಿದ್ದ ನೀರಿನ ಲೋಟದೊಳಗೆ ಅದನ್ನು ಪುಳಕ್ಕೆಂದು ಇಳಿಬಿಟ್ಟು, “ಇನ್ನೂರು ಮೀಟರ್ ಹೋಗುತ್ತೆ. ನೀನು ಹೋಗ್ತೀಯೋ ಇಲ್ವೋ ಗೊತ್ತಿಲ್ಲ,” ಅಂದಳು.

ಅವಳಿಗೇನು ಗೊತ್ತು, ಹದಿಮೂರು ವರ್ಷದಿಂದ ನಾನು ಮೊಣಕಾಲಿನ ಮೇಲೆ ನೀರು ಬರಗೊಟ್ಟಿಲ್ಲ. ಮಾಕ್ಟಾನಿನ ಅಂಗಡಿಯಲ್ಲಿ ಪ್ರವಾಸಿಗರು ಮುಳುಗುವ ಸಿಲಿಂಡರುಗಳಿಗೆ ದಿನಕ್ಕೆ ಅರವತ್ತು ಸಲ ಗಾಳಿ ತುಂಬುತ್ತೇನೆ. ಕಂಪ್ರೆಸರಿನ ಸದ್ದು ಕೇಳುತ್ತಲೇ ಸಂಜೆಯಾಗುತ್ತದೆ. ನೀರಿಗೆ ಇಳಿಯುವವರು ಬೇರೆಯವರು.

ಗಡಿಯಾರ ಕೈಗೆ ತೆಗೆದುಕೊಂಡೆ. ಬೆರಳು ತಾನಾಗಿ ಬಳೆಗೆ ಹೋಯಿತು. ಎಡಕ್ಕೆ ತಿರುಗಿಸಿದೆ, ಟಿಕ್ ಟಿಕ್ ಎನ್ನುತ್ತ ತಿರುಗಿತು. ಬಲಕ್ಕೆ ತಿರುಗಿಸಿದೆ, ಅಲುಗಲಿಲ್ಲ. ಒತ್ತಿ ತಿರುಗಿಸಿದೆ. ಆಗಲೂ ಇಲ್ಲ.

“ಮುರಿದ್ಬಿಟ್ಟೀಯ!” ಎಂದು ಮುದುಕಿ ಕಿತ್ತುಕೊಂಡಳು. “ಬಲಕ್ಕೆ ತಿರುಗಬಾರ್ದು ಅಂತಲೇ ಹಂಗೆ ಮಾಡಿರೋದು. ಮುಳುಗೋನು ಇಳಿದಾಗ ಬಳೆಯ ಗುರುತನ್ನ ನಿಮಿಷದ ಮುಳ್ಳಿಗೆ ಹಚ್ಚಿಡ್ತಾರೆ, ಎಷ್ಟು ಹೊತ್ತಾಯ್ತು ಅಂತ ಅದರಲ್ಲೇ ನೋಡ್ತಾರೆ. ಹಿಂದಿನ ಕಾಲದವು ಎರಡೂ ಕಡೆ ತಿರುಗ್ತಿದ್ವು. ಎಲ್ಲೋ ತಾಗಿ ಬಲಕ್ಕೆ ಸರೀತು ಅಂದ್ರೆ ಇಪ್ಪತ್ತು ನಿಮಿಷ ಆಗಿದ್ರೂ ಹತ್ತೇ ತೋರ್ಸುತ್ತೆ. ಹೆಚ್ಚು ಹೊತ್ತು ಆಳದಲ್ಲಿದ್ದು ಮೇಲೆ ಬಂದ್ರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತೆ, ಕೆಳಗಿರೋನು ಹೋದ! ಇದು ಸರಿದ್ರೂ ಎಡಕ್ಕೇ, ಜಾಸ್ತಿ ಹೊತ್ತು ತೋರ್ಸುತ್ತೆ, ಬೇಗ ಮೇಲಕ್ಕೆ ಕರೀತಾರೆ. ತಪ್ಪಿದ್ರೂ ಜೀವ ಉಳಿಯೋ ಹಂಗೆ ತಪ್ಪುತ್ತೆ.”

ನಾನು ಸುಮ್ಮನಿರಲಿಲ್ಲ. ಯಾಕೆ ಹೇಳಿದೆನೋ, ಗುರುತಿಲ್ಲದವಳ ಮುಂದೆ ಬಾಯಿ ಬಿಟ್ಟೆ. ನಮ್ಮಪ್ಪನದೂ ಅಂಥದೇ ಇತ್ತು, ನಾವು ಮೂವರೂ ಕಡಲ ತಳದಲ್ಲಿ ತೆವಳುವ ಕಡಲಸೌತೆ ಹೆಕ್ಕಲು ಹೋಗುತ್ತಿದ್ದೆವು, ಅಪ್ಪ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದ, ನಾನೂ ಅಣ್ಣನೂ ಸರದಿಯಲ್ಲಿ ಗಾಳಿಯ ಕೊಳವೆ ಕಚ್ಚಿಕೊಂಡು ಇಳಿಯುತ್ತಿದ್ದೆವು, ಮೇಲಿದ್ದವನು ಗಡಿಯಾರ ಕಟ್ಟಿಕೊಂಡು ಇಪ್ಪತ್ತು ನಿಮಿಷಕ್ಕೆ ಕೊಳವೆಯನ್ನು ಎರಡು ಸಲ ಜಗ್ಗಬೇಕಿತ್ತು, ಒಂದು ದಿನ ಬಳೆ ಸರಿದು ಅಣ್ಣ ಮೂವತ್ತು ನಿಮಿಷ ಕೆಳಗೇ ಉಳಿದ, ಮೇಲೆ ಬಂದವನಿಗೆ ಸೊಂಟದ ಕೆಳಗೆ ಜೀವವೇ ಇರಲಿಲ್ಲ, ಎಂದೆಲ್ಲ ಹೇಳಿದೆ.

“ನಿಮ್ಮಪ್ಪನ ತಪ್ಪಲ್ಲಪ್ಪ, ಗಡಿಯಾರದ್ದು,” ಎಂದಳು.

“ಅಪ್ಪ ಹಾಗೆ ಅಂದ್ಕೊಳ್ಳಲಿಲ್ಲ.”

“ನೋಡಿ ತಗೋಬೇಕಿತ್ತು ಅಂತ ಕೊರಗಿದ್ನಾ?”

“ಸಾಯೋ ತನಕ.”

ಮುದುಕಿ ಕಣ್ಣಿನ ಗಾಜು ತೆಗೆದಳು. “ಮತ್ತೆ ನೀನ್ಯಾಕಪ್ಪಾ ಬೆವರ್ತಿದ್ದೀಯ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಹಣೆ ಒರೆಸಿಕೊಂಡೆ. ಹಣ ಎಣಿಸಿಕೊಟ್ಟು, ಚೌಕಾಸಿ ಕೂಡ ಮಾಡದೆ, ಗಡಿಯಾರ ಕಟ್ಟಿಕೊಂಡು ಹೊರಟೆ.

ಬಾಗಿಲಲ್ಲೇ ವಿಲ್ಮಾ ಹಿಡಿದಳು. ಅಪ್ಪನ ಗಡಿಯಾರ ಅವಳೂ ನೋಡಿದ್ದಳಲ್ಲ. “ಅಯ್ಯೋ ನಿನ್ನ! ಸಾವು ಕೊಡವ್ಕೊಂಡು ಬಾ ಅಂದ್ರೆ ಕೈಗೆ ಕಟ್ಕೊಂಡು ಬಂದಿದ್ದೀಯಲ್ಲೋ!” ಎಂದು ಚೀರಿದಳು. ಹೊಸದು ಎಂದು ರಸೀದಿ ತೋರಿಸಿದ ಮೇಲೂ ಉಪ್ಪುನೀರಲ್ಲಿ ತೊಳೆಸಿಯೇ ಒಳಗೆ ಬಿಟ್ಟಳು.

ಅವಳು ಹೇಳಿದ್ದೇ ನಿಜವಾಯಿತು. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದು ಶುಕ್ರವಾರ ಬಿಚ್ಚಿಟ್ಟೆ. ಭಾನುವಾರ ಚರ್ಚಿಗೆ ಹೊರಡುವಾಗ ನೋಡಿದರೆ ನಿಂತಿತ್ತು. ಯಾರನ್ನೋ ಮರೆತು ಕೊಂದವನಂತೆ ಅದನ್ನು ಹಿಡಿದು ಅಲ್ಲಾಡಿಸಿದೆ. ಈಗ ಬಿಚ್ಚುವುದೇ ಇಲ್ಲ. ಊಟಕ್ಕೆ ಕೂತರೂ ಕೈ ಆಡಿಸುತ್ತಿರುತ್ತೇನೆ. “ಯಾರಿಗೆ ಟಾಟಾ ಮಾಡ್ತಿದ್ದೀಯ?” ಎಂದು ವಿಲ್ಮಾ ಅಣಕಿಸುತ್ತಾಳೆ. ಕೆಲಸದಲ್ಲಿ ಬೆರಳು ತಾನಾಗಿ ಬಳೆಗೆ ಹೋಗುತ್ತದೆ, ಬಲಕ್ಕೆ ಒತ್ತುತ್ತದೆ. ಅದು ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಹದಿಮೂರು ವರ್ಷದ ಹಿಂದೆ ಇಂಥದ್ದೊಂದು ಅಪ್ಪನ ಹತ್ತಿರ ಇದ್ದಿದ್ದರೆ ಎಂದು ನೆನೆಯುತ್ತೇನೆ, ಮಾನೋಯ್.

ನೀನು ಕೆತ್ತುವ ಮರದ ಕನ್ನಡಕಗಳು ಹೇಗಿವೆ? ಅದನ್ನು ಹಾಕಿಕೊಂಡರೆ ಒಂದು ಹನಿ ನೀರು ಕಣ್ಣಿಗೆ ಹೋಗುವುದಿಲ್ಲವೆಂದು ಇಲ್ಲಿಯ ಮುಳುಗುವವರೂ ಹೊಗಳುತ್ತಾರೆ. ನಾಲ್ಕು ಜೊತೆ ಬೇಕಂತೆ. ನಾನು ಬಂದಾಗ ತೆಗೆದುಕೊಂಡು ಹೋಗುತ್ತೇನೆ.

ಬರುವ ಶನಿವಾರ ಅಪ್ಪನ ನಲವತ್ತನೆಯ ದಿನ. ಅಂದಿಗೆ ಅವನು ಮನೆಯ ಸುತ್ತ ಸುಳಿಯುವುದು ಮುಗಿಸಿ ಮೇಲೆ ಹೋಗುತ್ತಾನೆ. ಶನಿವಾರ ಬೆಳಗಿನ ದೋಣಿಗೆ ಬರುತ್ತೇನೆ. ಸಿಹಿಯನ್ನಕ್ಕೆ ಅಂಟಕ್ಕಿ, ಬೆಲ್ಲ ನಾನೇ ತರುತ್ತೇನೆಂದು ಅತ್ತಿಗೆಗೆ ಹೇಳು.

ಈ ಪತ್ರವನ್ನೂ ಗಡಿಯಾರವನ್ನೂ ಗುರುವಾರದ ದೋಣಿಯಲ್ಲಿ ಕಳಿಸುತ್ತಿದ್ದೇನೆ. ಗಡಿಯಾರ ನಿನಗೆ. ದೋಣಿಯ ಕೆಲಸದಾಳು ನನ್ನ ಪರಿಚಯದವನು. ಡಬ್ಬಿಯಲ್ಲಿಡದೆ ಕೈಗೇ ಕಟ್ಟಿಕೊಂಡು ಹೋಗು ಎಂದಿದ್ದೇನೆ. ನಡೆಯುತ್ತಲೇ ನಿನಗೆ ತಲುಪಬೇಕು. ಆಮೇಲೆ ಕಟ್ಟಿಕೊಳ್ಳುವುದು, ಬಿಡುವುದು ನಿನಗೆ ಸೇರಿದ್ದು. ಶನಿವಾರ ಮೊದಲು ನಿನ್ನ ಮುಂಗೈ ನೋಡುತ್ತೇನೆ. ಅದು ಬರಿದಾಗಿದ್ದರೆ ಅಪ್ಪನ ಗೋರಿಗೆ ಕೈಮುಗಿದು ಅದೇ ದೋಣಿಗೆ ಹಿಂತಿರುಗುತ್ತೇನೆ, ನಿನಗೆ ತೊಂದರೆ ಕೊಡುವುದಿಲ್ಲ.

ದೇವರು ನಿನ್ನನ್ನೂ ಅತ್ತಿಗೆಯನ್ನೂ ಚೆನ್ನಾಗಿಟ್ಟಿರಲಿ. ನಿನ್ನ ನೋವು ಹೆಚ್ಚದಿರಲಿ. ಹುಟ್ಟುವ ಕೂಸಿಗೆ ನಿನ್ನ ಹಾರೈಕೆ ಇರಲಿ.

ನಿನ್ನ ತಮ್ಮ,
ಪಿಡ್ಯೋ

ಮರೆತದ್ದು: ಮರೆತದ್ದಲ್ಲ. ಇದನ್ನು ಬರೆಯಲೆಂದೇ ಮೇಲಿನದನ್ನೆಲ್ಲ ಬರೆದೆ. ನನಗೆ ಅಪ್ಪನ ಮೇಲೆ ಎಂದೂ ಸಿಟ್ಟಿರಲಿಲ್ಲ. ಆ ದಿನ ಬಳೆ ತಾನಾಗಿ ಸರಿಯಲಿಲ್ಲ, ಮಾನೋಯ್. ನಾನು ತಿರುಗಿಸಿದೆ. ಹಿಂದಿನ ವಾರ ಕೊಳವೆಯಲ್ಲಿ ಎಣ್ಣೆಹೊಗೆ ಬಂದು ಕೆಳಗೆ ನನಗೆ ಉಸಿರು ಕಟ್ಟಿತ್ತು, ನೀವು ನಗುತ್ತೀರೆಂದು ಹೇಳಿರಲಿಲ್ಲ. ನಿನ್ನ ನಂತರದ ಸರದಿ ನನ್ನದು. ನೀನು ಕೆಳಗಿರುವಷ್ಟು ಹೊತ್ತು ನಾನು ಇಳಿಯಬೇಕಿರಲಿಲ್ಲ. ಅಪ್ಪ “ಎಷ್ಟಾಯ್ತೋ?” ಎಂದು ಕೂಗಿದ. ಆಗಲೇ ಇಪ್ಪತ್ತಾಗಿತ್ತು. ಬಳೆಯನ್ನು ಹತ್ತು ಗೀಟು ಬಲಕ್ಕೆ ಸರಿಸಿ, ಕೈ ಚಾಚಿ ತೋರಿಸಿದೆ. “ಇನ್ನೂ ಹತ್ತು ಇದೆ, ಇರ್ಲಿ ಬಿಡು,” ಅಂದ. ಹತ್ತು ನಿಮಿಷದಿಂದ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ.

ಬಳೆ ಮತ್ತೆಂದೂ ಸರಿಯಬಾರದೆಂದು ಅಪ್ಪ ಅದಕ್ಕೆ ದೋಣಿಯ ಅಂಟು ಹಾಕಿದ್ದು ನಿನಗೆ ಗೊತ್ತು. ಆಗ ನೀನು ಇನ್ನೂ ಆಸ್ಪತ್ರೆಯಲ್ಲಿದ್ದೆ. ತೆಂಗಿನ ಚಿಪ್ಪಿನಲ್ಲಿ ಆ ಅಂಟು ಕಲಸಿಕೊಟ್ಟವನು ನಾನು. “ಚೆನ್ನಾಗಿ ಕಲಸೋ, ಇನ್ನೊಬ್ರ ಮಗನ ಕಾಲು ತಿನ್ಬಾರ್ದು ಇದು,” ಅಂದ. ಅವನು ಅಳುತ್ತಿದ್ದ. ನಾನು ಚೆನ್ನಾಗಿ ಕಲಸಿದೆ.