ರಂಗಿ ಕೂಗಿದ ಏಕವಚನ

ತುಮಕೂರು,
ನಡತೆ ಶಕೆ ನೂರ ನಲವತ್ತೊಂದು, ಹದಿಮೂರನೆಯ ತಿಂಗಳು, ಮೂವತ್ತೈದನೆಯ ದಿನ.

ಆರು ಗುಣಗಳ ಪಟ್ಟಿ ಬರೆದ ಅಮ್ಮನವರಿಗೋ ಅಯ್ಯನವರಿಗೋ, ಸಿದ್ಧಗಂಗಾ ಮಾಡುವ ವಂದನೆಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕುವ ತೊಂದರೆ ತೆಗೆದುಕೊಳ್ಳಬೇಡಿ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ. ಕ್ಷಮೆ ಕೇಳುವುದರಲ್ಲಿ ನಾನು ಇಡೀ ಜಿಲ್ಲೆಗೆ ಮೊದಲಿಗಳು, ಹಾಗಾಗಿ ಇದನ್ನೇನೂ ಬಹಳ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೀವು ಯಾರೆಂದು ನನಗೆ ಗೊತ್ತಿಲ್ಲ. ಯಾವುದೋ ಹಳೆಯ ಕಾರ್ಖಾನೆಯ ಗೋಡೆ ಕೆಡವುವಾಗ ನೀವು ಅಂಟಿಸಿದ್ದ ಕಾಗದ ಸಿಕ್ಕಿತಂತೆ, ಪ್ಲಾಸ್ಟಿಕ್ ಹೊದಿಕೆಯೊಳಗೆ ಒಂದಕ್ಷರವೂ ಅಳಿಸದೆ. "ಕೆಲಸಕ್ಕೆ ಜನ ಬೇಕಾಗಿದ್ದಾರೆ. ಅನುಭವ ಇಲ್ಲದಿದ್ದರೂ ಪರವಾಗಿಲ್ಲ, ಕೆಲಸ ನಾವು ಕಲಿಸುತ್ತೇವೆ. ನಡತೆ ಮುಖ್ಯ." ಅದರ ಕೆಳಗೆ ಆರು ಸಾಲು: ತಾಳ್ಮೆ, ಕಿವಿಗೊಟ್ಟು ಕೇಳುವುದು, ಹೊಂದಿಕೊಂಡು ಹೋಗುವುದು, ಮರ್ಯಾದೆಯ ಮಾತು, ಟೀಕೆಯನ್ನು ನಗುತ್ತಾ ಸ್ವೀಕರಿಸುವುದು, ಹತ್ತು ಜನರನ್ನು ಜೊತೆಗೆ ಕರೆದೊಯ್ಯುವುದು. ಯಾವುದೋ ಮಧ್ಯಾಹ್ನ ಚಹಾ ಕುಡಿಯುತ್ತಾ ಬರೆದಿರುತ್ತೀರಿ. ಒಳ್ಳೆಯ ಗುಣಗಳೇ, ನಾನೇನು ಇಲ್ಲ ಅನ್ನುತ್ತಿಲ್ಲ. ಈಗ ಆ ಕಾಗದ ನಮ್ಮ ತರಬೇತಿ ಮನೆಯ ಗೋಡೆಯಲ್ಲಿದೆ, ಶುಕ್ರವಾರಕ್ಕೊಮ್ಮೆ ಅದಕ್ಕೆ ಕುಂಕುಮ ಹಚ್ಚುತ್ತಾರೆ.

ನಿಮ್ಮ ಕಾಲದ ಕೆಲಸಗಳನ್ನೆಲ್ಲ ಈಗ ಯಂತ್ರಗಳು ಮಾಡುತ್ತವೆ. ಮನುಷ್ಯರಿಗೆ ಉಳಿದಿರುವುದು ಮುಖಗೆಲಸ ಒಂದೇ. ಯಂತ್ರ ಮಾಡಿದ ತೀರ್ಮಾನವನ್ನು ಜನರಿಗೆ ಮುಖ ಕೊಟ್ಟು ತಿಳಿಸುವುದಕ್ಕೆ ನಾವು ಹಾಗೆನ್ನುತ್ತೇವೆ. ಈ ವಾರ ನಿಮ್ಮ ಬೀದಿಗೆ ನೀರು ಬರುವುದಿಲ್ಲ, ನಿಮ್ಮ ತಾಯಿಯವರಿಗೆ ಔಷಧಿ ಮಂಜೂರಾಗಿಲ್ಲ, ಇಂಥವು. ಮುಖಗೆಲಸದವರಿಗೇ ಕೆಟ್ಟ ಸುದ್ದಿ ಹೇಳುವವರನ್ನು ಹೇಳುಗರು ಅನ್ನುತ್ತೇವೆ. ನಿಮ್ಮಲ್ಲಿ ಮ್ಯಾನೇಜರ್ ಎಂದು ಕರೆಯುತ್ತಿದ್ದರಂತೆ. ನಾನು ಹತ್ತೊಂಬತ್ತು ವರ್ಷದಿಂದ ಹೇಳುಗಿತ್ತಿ. ಮಕ್ಕಳಿಗೆ ಕಿವಿ ಚುಚ್ಚುವ ದಿನವೇ ನಡೆಮಣಿ ಹಾಕುತ್ತಾರೆ, ಕಿವಿಯ ಕೆಳಗೆ ಸದಾ ಹಸಿರಾಗಿ ಹೊಳೆಯುವ ಸಣ್ಣ ಮಣಿ. ದನಿ ಏರಿದರೆ, ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕಿದರೆ, ಏಕವಚನದಲ್ಲಿ ಕರೆದರೆ ಅದು ಕೆಂಪಾಗುತ್ತದೆ. ಆದ್ದರಿಂದ ಗಂಡ ಹೆಂಡತಿಗೆ ನೀವು, ತಾಯಿ ಮಗುವಿಗೆ ನೀವು. ತೊಟ್ಟಿಲ ಕೂಸನ್ನೂ "ಹಾಲು ಕುಡೀತೀರಾ" ಎಂದೇ ಕೇಳಬೇಕು. ಬಾಗಿಲಲ್ಲಿ ಮಲಗಿದ ನಾಯಿಗೂ "ದಯವಿಟ್ಟು ಸ್ವಲ್ಪ ಆಚೆ ಹೋಗ್ತೀರಾ" ಅನ್ನುತ್ತೇವೆ. ನಾಯಿ ಹೋಗುವುದಿಲ್ಲ.

ಕೆಲಸದ ಹೊತ್ತಿನಲ್ಲಿ ಮಣಿ ಒಮ್ಮೆ ಕೆಂಪಾದರೂ ಸುಧಾರಣೆ ಸಾಲಿಗೆ ಹೋಗಬೇಕು. ಕ್ಯಾತ್ಸಂದ್ರ ದಾಟಿದರೆ ಸಿಗುವ ತಗಡಿನ ಮನೆಗಳ ಸಾಲು ಅದು. ಅಲ್ಲಿ ಯಂತ್ರದ ಎದುರು ಕುಳಿತು ನಡತೆಯನ್ನು ಮೊದಲಿನಿಂದ ಕಲಿಯಬೇಕು. ಕಲಿತು ಮನೆಗೆ ಬಂದವರನ್ನು ನಾನಂತೂ ಕಂಡಿಲ್ಲ.

ನಮ್ಮಜ್ಜಿ ಹನುಮಕ್ಕ ಮಣಿ ಕಡ್ಡಾಯವಾಗುವ ಮೊದಲು ಹುಟ್ಟಿದವಳು. ಅಜ್ಜಿಯನ್ನು ಅವಳು ಎಂದು ಬರೆಯುತ್ತಿದ್ದೇನೆ, ಗಮನಿಸಿದಿರಾ? ಕಾಗದಕ್ಕೆ ಕಿವಿ ಇಲ್ಲ, ಅದೊಂದು ಪುಣ್ಯ. ನಾನು ಮತ್ತು ನನ್ನ ತಂಗಿ ರಂಗನಾಯಕಿ ಆಡಲು ಹೋಗಿ ತಡವಾದರೆ ಅಜ್ಜಿ ಬೀದಿಗೆಲ್ಲ ಕೇಳುವಂತೆ, "ಎಲ್ಲಿ ಹಾಳಾಗೋಗಿದ್ರೇ ಮೂದೇವಿಗಳಾ, ಅನ್ನ ಆರೋಯ್ತು, ಬಂದು ತಿನ್ರೇ!" ಎಂದು ಕಿರುಚುತ್ತಿದ್ದಳು. ಬೀದಿಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಮಾತ್ರ ಹೊಟ್ಟೆ ತುಂಬ ನಗು. ಅಷ್ಟು ಪ್ರೀತಿಯಿಂದ ನನ್ನನ್ನು ಮತ್ತೆ ಯಾರೂ ಕರೆದಿಲ್ಲ.

ರಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ನಾವಿಬ್ಬರೂ ಮದುವೆಯಾಗಲಿಲ್ಲ, ಒಂದೇ ಮನೆ, ಒಂದೇ ಕೆಲಸದ ಶೆಡ್ಡು. ಆರು ತಿಂಗಳ ಹಿಂದೆ ಶೆಡ್ಡಿನ ಮಾಡಿನಿಂದ ಒಂದು ಕಬ್ಬಿಣದ ತೊಲೆ ಕಳಚಿ ಜೋತಾಡಿತು. ಅದರ ನೇರ ಕೆಳಗೆ ಮೂಡ್ಲಗಿರಯ್ಯ ಎಂಬ ಹಿರಿಯರು ಕುಳಿತಿದ್ದರು. ನಿಯಮದ ಪ್ರಕಾರ ರಂಗಿ ಅವರ ಹತ್ತಿರ ಹೋಗಿ, ಅವರ ಮಾತು ಮುಗಿಯುವವರೆಗೆ ಕಾದು, ಅನುಮತಿ ಕೇಳಿ, ಆಮೇಲೆ ವಿಷಯ ತಿಳಿಸಬೇಕಿತ್ತು. ನನ್ನ ತಂಗಿ ಇದ್ದಲ್ಲಿಂದಲೇ "ಏಯ್ ಮುದುಕಾ, ಸರಿಯೋ ಆ ಕಡೆ!" ಎಂದು ಕೂಗಿಬಿಟ್ಟಳು. ಅಜ್ಜಿಯದೇ ಗಂಟಲು. ಮುದುಕರು ಬೆಚ್ಚಿ ನೆಗೆದರು, ತೊಲೆ ಬಿದ್ದು ಬರೀ ಕುರ್ಚಿ ಪುಡಿಯಾಯಿತು. ರಂಗಿಯ ಮಣಿ ಕೆಂಪಾಯಿತು. ಮೂಡ್ಲಗಿರಯ್ಯನವರು ಮೈ ದೂಳು ಕೊಡವಿಕೊಂಡು, ನಗುತ್ತಾ, "ಮನಸ್ಸಿಗೆ ಸ್ವಲ್ಪ ನೋವಾಯ್ತು, ಆದ್ರೂ ಪರವಾಗಿಲ್ಲ" ಎಂದು ಹೇಳಿಕೆ ಕೊಟ್ಟರು. ಅವಳ ಪರ ಮಾತಾಡಿದ್ದರೆ ಅವರ ಮಣಿಯೂ ಅಪಾಯಕ್ಕೆ ಸಿಕ್ಕುತ್ತಿತ್ತು. ನಾನು ಅವರನ್ನು ಬೈಯುವಂತಿಲ್ಲ, ಯಾಕೆಂದರೆ ನಾನು ಮಾಡಿದ್ದು ಅದಕ್ಕಿಂತ ಕೀಳು.

ತಂಗಿಯ ಕಾಗದಪತ್ರ ನನ್ನ ಮೇಜಿಗೇ ಬಂತು. ಅದರಲ್ಲಿ "ಪ್ರಾಣಾಪಾಯದ ಸಂದರ್ಭ" ಎಂಬ ಚೌಕ ಒಂದಿತ್ತು. ಅದಕ್ಕೆ ಗುರುತು ಹಾಕಿದ್ದರೆ ಅವಳು ಉಳಿಯಬಹುದಿತ್ತು, ಆದರೆ ಹಾಗೆ ಹಾಕಿದ ಹೇಳುಗರು ಮೇಲಿನವರ ಎದುರು ನಿಂತು ವಾದ ಮಾಡಬೇಕು. ವಾದದಲ್ಲಿ ದನಿ ಏರದವರು ಯಾರಿದ್ದಾರೆ? ನನ್ನ ಮಣಿಯೂ ಕೆಂಪಾದರೆ ಏನು ಗತಿ ಎಂದು ಮೂರು ದಿನ ಯೋಚಿಸಿದೆ. ಯೋಚಿಸಿದೆ ಅನ್ನುವುದೂ ಸುಳ್ಳು, ಹೆದರಿದೆ. ಚೌಕವನ್ನು ಖಾಲಿ ಬಿಟ್ಟೆ.

ಸುದ್ದಿಯನ್ನು ಅವಳಿಗೆ ಹೇಳಬೇಕಾದವಳೂ ನಾನೇ. ಕಲಿಸಿಕೊಟ್ಟ ಹಾಗೆ ಕುರ್ಚಿಯನ್ನು ಸ್ವಲ್ಪ ಓರೆಯಾಗಿ ಹಾಕಿಕೊಂಡೆ, ಕಣ್ಣಲ್ಲಿ ಕಣ್ಣಿಟ್ಟೆ, "ರಂಗನಾಯಕಿಯವರೇ, ಇದು ನಿಮಗೆ ಕಷ್ಟದ ಸುದ್ದಿ ಅಂತ ನನಗೆ ಅರ್ಥವಾಗುತ್ತೆ" ಎಂದೆ. ಮನಸ್ಸಿನೊಳಗೆ ಬೈಯೇ, ಬೈಯೇ ಎಂದು ಅಂಗಲಾಚುತ್ತಿದ್ದೆ. "ಥೂ ನಿನ್ ಮುಖಕ್ಕಿಷ್ಟು, ನೀನೂ ಒಬ್ಬಳು ಅಕ್ಕನಾ?" ಎಂದು ಒಂದು ಮಾತು ಅಂದಿದ್ದರೆ ಆ ಕಾಗದವನ್ನು ಅಲ್ಲೇ ಹರಿದು ಹಾಕುತ್ತಿದ್ದೆನೇನೋ. ಅವಳು ನನ್ನ ಮಾತು ಮುಗಿಯುವವರೆಗೆ ಕಾದಳು. ನಕ್ಕಳು. "ತಿಳಿಸಿದ ರೀತಿಗೆ ಧನ್ಯವಾದ ಅಕ್ಕನವರೇ. ಪರವಾಗಿಲ್ಲ, ಅಡ್ಜಸ್ಟ್ ಮಾಡ್ಕೊಳ್ತೀನಿ" ಎಂದಳು. ಆ ಅಡ್ಜಸ್ಟ್ ಎಂಬ ಮಾತು ನಿಮ್ಮ ಕಾಲದಿಂದಲೇ ಬಂದದ್ದಂತೆ. ಹೋಗುವಾಗ ಕುರ್ಚಿಯನ್ನು ಮೇಜಿನ ಕೆಳಗೆ ಸರಿಯಾಗಿ ಸರಿಸಿ ಹೋದಳು.

ತಿಂಗಳಿಗೊಮ್ಮೆ ಅವಳನ್ನು ನೋಡಲು ಬಿಡುತ್ತಾರೆ. ಹೋದಾಗೆಲ್ಲ "ಊಟ ಮಾಡಿದ್ರಾ ಅಕ್ಕನವರೇ" ಅನ್ನುತ್ತಾಳೆ, ಮಾಡಿದೆ ಅನ್ನುತ್ತೇನೆ. ಕೆನ್ನೆ ಗುಳಿಬಿದ್ದಿದೆ, ಮಣಿ ಮಾತ್ರ ಹಚ್ಚ ಹಸಿರು. ನಿನ್ನೆ ಇನ್ನೊಂದು ತೀರ್ಮಾನ ಬಂತು. ಅವಳನ್ನು ದೂರದ ಸಾಲಿಗೆ ಕಳಿಸುತ್ತಾರೆ, ಅಲ್ಲಿಗೆ ಯಾರೂ ಹೋಗುವಂತಿಲ್ಲ. ನಾಳೆ ಬೆಳಿಗ್ಗೆ ಹೋಗಿ ಅದನ್ನು ತಿಳಿಸಬೇಕಾದವಳೂ ನಾನೇ, ಜಿಲ್ಲೆಗೇ ಮೊದಲಿಗಳಲ್ಲವೇ!

ನಿಮ್ಮಲ್ಲಿ ಕೇಳಬೇಕೆಂದಿದ್ದು ಇಷ್ಟೇ. ಆ ಪಟ್ಟಿಯ ಕೆಳಗೆ ಏಳನೆಯ ಸಾಲೊಂದನ್ನು ಪೆನ್ನಿನಲ್ಲಾದರೂ ಬರೆಯಿರಿ: "ಹೊತ್ತು ಬಂದಾಗ ಕೂಗುವವರೂ ಬೇಕು." ಎರಡು ನಿಮಿಷದ ಕೆಲಸ. ಬರೆಯಲಿಲ್ಲ ಎಂದು ನನಗೆ ಗೊತ್ತು. ಬರೆದಿದ್ದರೆ ನಮ್ಮ ಗೋಡೆಯಲ್ಲಿ ಇರಬೇಕಿತ್ತಲ್ಲ, ಇವತ್ತು ಹೋಗಿ ಕುಂಕುಮ ಒರೆಸಿ ನೋಡಿದೆ. ಆರೇ ಸಾಲು. ಆದರೂ ಈ ಪತ್ರವನ್ನು ಮಡಿಸಿ ಅದರ ಹಿಂದೆ ಸಿಕ್ಕಿಸುತ್ತೇನೆ, ಇನ್ನೆಲ್ಲಿಗೆ ಕಳಿಸಲಿ?

ನಾಳೆ ಅವಳಿಗೆ ಹೇಳಬೇಕಾದದ್ದನ್ನು ಇಲ್ಲೇ ಬರೆದುಕೊಂಡಿದ್ದೇನೆ: "ತಪ್ಪು ನಂದು ಕಣೇ ರಂಗಿ. ನೀನು ಕೂಗಿದ್ದು ಸರಿ. ನನ್ನನ್ನ ಬೈಯೇ." ಮಣಿ ಕೆಂಪಾದರೆ ಆಗಲಿ, ಅವಳ ಜೊತೆಗೇ ಹೋಗುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದ್ದೇನೆ. ಅಭ್ಯಾಸಕ್ಕೆಂದು ಈಗಷ್ಟೇ ಬಾಗಿಲು ಹಾಕಿಕೊಂಡು ಜೋರಾಗಿ ಓದಿದೆ. ನಾಲ್ಕು ಸಲ ಓದಿದೆ. ಕಾಗದದ ಮೇಲೆ ನೀನು ಎಂದೇ ಇದೆ, ನನ್ನ ಕೈಬರಹವೇ. ಬಾಯಲ್ಲಿ ನಾಲ್ಕು ಸಲವೂ ನೀವು ಎಂದೇ ಬಂತು.