ಎರೆಹುಳು ತಂದ ಬೀಗರು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಮಗನೇ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯದೆ ಸತಾಯಿಸಿದೆ, ಬೇಸರ ಮಾಡಿಕೊಳ್ಳಬೇಡ. ಮಂಡಿ ನೋವು ಇದ್ದದ್ದೇ, ಉಳಿದಂತೆ ಗಟ್ಟಿಯಾಗಿದ್ದೇನೆ. ಹೊಸ ಮನೆಯಲ್ಲಿ ನನಗೊಂದು ಕೋಣೆ ಇಟ್ಟಿದ್ದೀಯಂತೆ, ತಿಂಗಳ ಕೊನೆಗೆ ಬಂದು ಕರೆದೊಯ್ಯುತ್ತೀಯಂತೆ. "ನಾನೇ ಬಿಟ್ಟುಬಂದ ಮನೆಯಲ್ಲಿ ನಿನಗೇನು ಕೆಲಸ?" ಎಂದೂ ಕೇಳಿದ್ದೀಯ. ಕೆಲಸ ಏನೆಂದು ಹೇಳುತ್ತೇನೆ, ಕೇಳು.

ನಮ್ಮ ಕಟ್ಟಡದ ಹಿಂದೆ ಹಳೆ ಟೈರು, ಮುರಿದ ಕುರ್ಚಿ ಬಿದ್ದಿದ್ದ ಸಿಮೆಂಟಿನ ಅಂಗಳ ನೆನಪಿದೆಯಲ್ಲ? ನೀನು ಹೋದ ಮೇಲೆ ನನ್ನ ಸೊಸೆ ಮನೆಮನೆ ಬಾಗಿಲು ತಟ್ಟಿ, ಜನ ಕೂಡಿಸಿ ಆ ಸಿಮೆಂಟನ್ನು ಒಡೆಸಿದಳು. ಕೋರ್ಟಿನ ಕಾಗದದ ಮೇಲೆ ಅವಳು ನಿನಗೆ ಈಗ ಏನೂ ಅಲ್ಲದಿರಬಹುದು, ನನಗೆ ಸೊಸೆಯೇ. ಎಲ್ಲರ ಅಡುಗೆಮನೆ ಕಸ ಈಗ ಅಲ್ಲಿನ ತೊಟ್ಟಿಗೆ ಬೀಳುತ್ತದೆ. ಎರೆಹುಳುಗಳು ಅದನ್ನು ತಿಂದು ಗೊಬ್ಬರ ಮಾಡುತ್ತವೆ, ಬದನೆಗಿಡಗಳು ಕಾಯಿಯ ಭಾರಕ್ಕೆ ಬಾಗಿವೆ. ಹುಳು ಮಾರುವಂತಿಲ್ಲ, ಯಾವ ಓಣಿಯವರು ಕೇಳಿದರೂ ಒಂದು ಬಕೆಟ್ ಸುಮ್ಮನೆ ಕೊಡಬೇಕು ಎಂದು ಅವಳ ಕಟ್ಟಪ್ಪಣೆ. ಹಾಗೆ ಕೊಂಡೊಯ್ದವರನ್ನು ನಾವು ಬೀಗರು ಎನ್ನುತ್ತೇವೆ. ಈಗ ಅರ್ಧ ಊರೇ ನಮಗೆ ಬೀಗರು!

ಹೋದ ತಿಂಗಳು ಎಡವಟ್ಟಾಯಿತು. ಮೂರನೇ ಮಹಡಿಯ ಮೇಷ್ಟ್ರಿಗೆ ಶುಚಿಯ ಹುಚ್ಚು, ಗೊತ್ತಲ್ಲ. ತೊಟ್ಟಿ ನಾರುತ್ತಿದೆ ಎಂದು ಒಂದು ಡಬ್ಬಿ ಫಿನಾಯಿಲ್ ಸುರಿದುಬಿಟ್ಟರು. ಹುಳುಗಳೆಲ್ಲ ಸತ್ತವು. ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತೆ. ಮೇಷ್ಟ್ರ ಮುಖ ಇಷ್ಟೇ ಇಷ್ಟಾಗಿತ್ತು. "ಒಳ್ಳೇದಾಗ್ಲಿ ಅಂತ ಹಾಕಿದೆನಮ್ಮ" ಎಂದರು.

ಸೊಸೆ ಒಂದು ಮಾತೂ ಬೈಯಲಿಲ್ಲ. "ಗೊತ್ತು ಸರ್. ಇನ್ಮೇಲೆ ತೊಟ್ಟಿ ಜವಾಬ್ದಾರಿ ನಿಮ್ಮದೇ. ನಾರಿದ್ರೆ ಒಣಗಿದ ಎಲೆ ಹಾಕಿ, ಸಾಕು" ಎಂದಳು. ತೊಟ್ಟಿ ಖಾಲಿ ಮಾಡಿ ಹೊಸದಾಗಿ ತುಂಬುವಷ್ಟರಲ್ಲಿ ಹಿಂದಿನ ಓಣಿಯ ದರ್ಜಿ ಬಕೆಟ್ ಹಿಡಿದು ಬಂದ. "ತಗೊಳ್ಳಿ ಬೀಗ್ರೆ, ನಿಮ್ಮ ಹುಳುಗಳ ಮೊಮ್ಮಕ್ಕಳು!" ನಕ್ಕೂ ನಕ್ಕೂ ನನಗೆ ಕಣ್ಣಲ್ಲಿ ನೀರು ಬಂತು. ಮೇಷ್ಟ್ರು ಈಗ ಯಾರನ್ನೂ ತೊಟ್ಟಿಯ ಹತ್ತಿರ ಸುಳಿಯಗೊಡುವುದಿಲ್ಲ.

ಅವಳ ಬಗ್ಗೆ ನನಗೆಷ್ಟು ಹೆಮ್ಮೆ ಎಂದರೆ, ಹೊಟ್ಟೆಯಲ್ಲಿ ಹುಟ್ಟಿದ ನಿನ್ನ ಮುಂದೆ ಹೇಳಲು ಸಂಕೋಚವಾಗುತ್ತದೆ. ನಾನು ಬೀಜ ಆರಿಸುತ್ತೇನೆ, ಎಲ್ಲರ ತಪ್ಪು ಹುಡುಕುತ್ತೇನೆ. ಇದೇ ಕಣೋ ನನ್ನ ಕೆಲಸ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ತಣ್ಣಗಿರು. ನಿನ್ನ ಜೊತೆಗಿರುವವಳಿಗೂ ಒಳ್ಳೆಯದಾಗಲಿ.

ನಿನ್ನ ಅಮ್ಮ

ಇನ್ನೊಂದು ಮಾತು. ಇದನ್ನು ಬರೆಯಲೆಂದೇ ಕೂತೆ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಪತ್ರ ಅವಳಿಗೆ ಓದಿ ಹೇಳಿದೆ. "ಅವ್ರು ಕರೀತಿದಾರಲ್ಲ, ಹೋಗಿ ಅತ್ತೆ" ಎಂದವಳೇ ಒಳಗೆ ಹೋಗಿ ನನ್ನ ಬಟ್ಟೆ ಮಡಿಸತೊಡಗಿದಳು. ನೀನು ಹೊರಟ ದಿನವೂ ಹೀಗೇ ಮಡಿಸಿಕೊಟ್ಟಳು. ನೀನು ತಿರುಗಿ ನೋಡಲಿಲ್ಲ, ನಾನು ನೋಡಿದೆ. ನಿನ್ನ ಅಂಗಿಗಳ ಗುಂಡಿಗಳನ್ನು ಒಂದೊಂದಾಗಿ ಹಾಕುತ್ತಾ ಕೂತಿದ್ದಳು. ಅವಳನ್ನು ಬಿಟ್ಟು ಹೋಗುವ ಇನ್ನೊಬ್ಬರ ಪೆಟ್ಟಿಗೆಯನ್ನೂ ಅವಳ ಕೈಯಿಂದಲೇ ತುಂಬಿಸುವುದು ನನ್ನಿಂದಾಗದು. ಬಟ್ಟೆಗಳನ್ನು ಕಪಾಟಿಗೆ ವಾಪಸು ಇಟ್ಟೆ. ನನ್ನನ್ನು ಕರೆದೊಯ್ಯಲು ಬರಬೇಡ, ಮಗನೇ. ನೋಡಿಕೊಂಡು ಹೋಗಲು ಬಾ.