ಹೊಳೆಯಬಾರದಿದ್ದ ಶೀಶೆ

ಅಕ್ಕಾ,

ಪುಟ್ಟಿ ಮಲಗಿದಾಗ ನೀನು ಫೋನ್ ಬಂದ್ ಮಾಡಿಡುತ್ತೀಯ, ಅದಕ್ಕೇ ಲ್ಯಾಬಿನ ಡ್ರೈವರ್ ಕೈಯಲ್ಲಿ ಈ ಚೀಟಿ.

ನಮ್ಮ ಪರೀಕ್ಷೆಯ ಬಣ್ಣ ಸೀಸವಿರುವ ನೀರಿನಲ್ಲಿ ಮಾತ್ರ ಹಸಿರಾಗಿ ಹೊಳೆಯುತ್ತದೆ. ಕಾರ್ಖಾನೆಯ ಚರಂಡಿ ನೀರಿನ ಪಕ್ಕ ಹೋಲಿಕೆಗೆ ಇಡುವ ಶುದ್ಧ ನೀರು ಇವತ್ತು ಮುಗಿದಿತ್ತು. ನಿಮ್ಮ ಮನೆಯಿಂದ ತುಂಬಿಸಿಕೊಂಡು ಬಂದ ಕುಡಿಯುವ ನೀರನ್ನೇ ಶೀಶೆಗೆ ಸುರಿದೆ. ಚರಂಡಿಯದ್ದು ಮಂಕಾಗಿತ್ತು, ನಿಮ್ಮದು ಹೊಳೆಯಿತು.

“ಕುದಿಸಿದ್ರೆ ಎಲ್ಲಾ ಹೋಗುತ್ತೆ ಬಿಡೇ” ಅನ್ನುತ್ತೀಯ. ಸೀಸ ಹೋಗುವುದಿಲ್ಲ ಅಕ್ಕಾ. ಅಡುಗೆಮನೆಯ ನಲ್ಲಿ ನೀರನ್ನು ಒಂದು ಬಾಟಲಿ ತುಂಬಿ ಡ್ರೈವರ್ ಕೈಯಲ್ಲೇ ಕಳಿಸು, ಇನ್ನೊಮ್ಮೆ ನೋಡುತ್ತೇನೆ. ತಪ್ಪು ನನ್ನದೇ ಆಗಿರಲಿ.

ಇದನ್ನು ಓದುವಾಗ ಪುಟ್ಟಿ ಆ ನೀರಲ್ಲಿ ಕಲಸಿದ ಪುಡಿಹಾಲು ಕುಡಿಯುತ್ತಿದ್ದರೆ ಬಾಟಲಿ ಕಿತ್ತುಕೋ. ಅತ್ತರೆ ಅಳಲಿ.

ನಿನ್ನ ತಂಗಿ